ಎರಡು, ಒಂಬತ್ತು, ಆರು, ಐದು

ಅಲಿಗಡದ ಬೀಗಗಳ ಮುದ್ರೆಗಳ ಬಗ್ಗೆ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬರೆಯಲು ಕೂತೂ ಇದ್ದೆ. ಅಷ್ಟರಲ್ಲಿ ಬಸವನಗುಡಿಯ ಓದುಗರೊಬ್ಬರು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ನಂಬರ್ ಬೀಗವೊಂದನ್ನು ತಂದು ಮೇಜಿನ ಮೇಲಿಟ್ಟರು. ಹಿತ್ತಾಳೆಯದು, ನಾಲ್ಕು ಬಳೆ. ತಾಯಿಯ ಟ್ರಂಕಿಗೆ ಹಾಕಿದ್ದಂತೆ. ಟ್ರಂಕಿನ ಕೊಕ್ಕೆ ತುಕ್ಕು ಹಿಡಿದು ಮುರಿದಿತ್ತು, ಬೀಗ ಮಾತ್ರ ಬಾಯಿ ಬಿಟ್ಟಿರಲಿಲ್ಲ. "ಯಾವ ಕಂಪನಿದು ಸಾರ್? ಬ್ರಿಟಿಷರ ಕಾಲದ್ದಾ?"

ನೋಡಿದರೆ ಬೀಗ ಹೊಸ ಮದುಮಗನ ಹಾಗೆ ಫಳಫಳ. ತರುವ ಮುಂಚೆ ಹುಣಸೆಹಣ್ಣು ಹಾಕಿ ತಿಕ್ಕಿದ್ದಾರೆ! ಮುದ್ರೆ ಇರಬೇಕಾದ ಜಾಗ ನುಣ್ಣಗಾಗಿದೆ.

ತಿಕ್ಕುವ ಪಂಥದವರ ಜೊತೆ ನನ್ನ ಜಗಳ ಹಳೆಯದು. ದೇವರ ಮನೆಯ ದೀಪವನ್ನು ತಿಕ್ಕಿ, ಪಂಚಪಾತ್ರೆಯನ್ನು ತಿಕ್ಕಿ, ಯಾರೂ ಬೇಡವೆನ್ನುವುದಿಲ್ಲ. ಬೀಗವನ್ನು ಮಾತ್ರ ಮುಟ್ಟಬೇಡಿ. ಅದರ ಕಿಲುಬಿನಲ್ಲೇ ಅದರ ಜಾತಕ ಇರುತ್ತದೆ. ಹೊಳಪಿದ್ದರೆ ಜಾಸ್ತಿ ಬೆಲೆ ಎಂದು ಸಂಡೆ ಬಜಾರಿನಲ್ಲಿ ಯಾರೋ ಹಬ್ಬಿಸಿದ ಮಾತು ನಂಬಿ ಎಷ್ಟು ಮುದ್ರೆಗಳು ಬಚ್ಚಲ ನೀರಿನ ಪಾಲಾದವೋ. ಹೊಳೆಯುವುದನ್ನೆಲ್ಲ ಟಿಪ್ಪು ಕಾಲದ್ದೆಂದು ಮಾರುವವರ ಮಾತು ಇನ್ನೊಂದು ದಿನಕ್ಕಿರಲಿ.

ಮುದ್ರೆ ಹೋದರೆ ಬಳೆಗಳನ್ನು ಕೇಳಬೇಕು. ಅಂಕಿಗಳು ಒಂದೊಂದಾಗಿ ಅಚ್ಚಿನಿಂದ ಹೊಡೆದವು: 3 ಒಂದು ಬಳೆಯಲ್ಲಿ ನೆಟ್ಟಗಿದೆ, ಪಕ್ಕದ್ದರಲ್ಲಿ ಓರೆಯಾಗಿದೆ. ಅಂಚಿನಲ್ಲಿ ಅರದ ಗೀರು. ಅಂದರೆ ಕೈಕೆಲಸ. ಇವಕ್ಕಿಂತ ಮುಖ್ಯವಾದದ್ದು ಭೂತಗನ್ನಡಿಯಲ್ಲಿ ಕಂಡಿತು. ಬಳೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಸಂದು. ಒಳಗೊಂದು ಬಳೆ, ಹೊರಗೊಂದು ಬಳೆ! ಒಂದೇ ಪದರದ ಬಳೆಯಲ್ಲಿ ಕಚ್ಚು ಎಲ್ಲಿರಬೇಕೆಂದು ಕೊರೆದವನೇ ತೀರ್ಮಾನಿಸಿರುತ್ತಾನೆ. ಆ ನಂಬರು ಬೀಗ ಮಾಡಿದವನದು. ಎರಡು ಪದರವಿದ್ದರೆ ಬೀಗ ತೆಗೆದಾಗ ಹೊರಬಳೆಯನ್ನು ಸರಿಸಿ ಬೇಕಾದ ಅಂಕಿ ಕೂರಿಸಿಕೊಳ್ಳಬಹುದು. ಆ ನಂಬರು ಬೀಗ ಹಾಕಿದವರದು.

ಕಂಪನಿಯ ಯೋಚನೆ ಅಲ್ಲಿಗೆ ಬಿಟ್ಟೆ. ನಾಲ್ಕು ಬಳೆಗೆ ಹತ್ತು ಸಾವಿರ ಸಾಧ್ಯತೆ, ಎಣಿಸುತ್ತಾ ಕೂತರೆ ಅಂಕಣ ನಿಲ್ಲುತ್ತದೆ. ಕೊಂಡಿಯನ್ನು ಹಗುರವಾಗಿ ಎಳೆದು ಹಿಡಿದು, ಬಿಗಿಯುವ ಬಳೆಯನ್ನು ಹುಡುಕಿ, ಅದು ತುಸು ಸಡಿಲುವ ಕಡೆ ನಿಲ್ಲಿಸಿ, ಮುಂದಿನದಕ್ಕೆ ಹೋದೆ. ಎರಡು ಲೋಟ ಕಾಫಿಯ ಹೊತ್ತಿಗೆ ಕೊಂಡಿ ಬಿಚ್ಚಿತು: 2965.

"ಇದು ಮನೆ ನಂಬರಲ್ಲ, ಯಾರ ಹುಟ್ಟಿದ ವರ್ಷವೂ ಅಲ್ಲ" ಎಂದು ಅವರು ಮಲ್ಲೇಶ್ವರದ ಅಕ್ಕನಿಗೆ ಫೋನು ಮಾಡಿದರು. ಆ ಕಡೆಯಿಂದ ನಗು ನನಗೂ ಕೇಳಿಸಿತು. "ಅಮ್ಮನ ಶಂಕರಾಭರಣ, ಕಲ್ಯಾಣಿ ಕಣೋ!"

ಅಲ್-ಜಝರಿ 1206ರ ತನ್ನ ಯಂತ್ರಗಳ ಪುಸ್ತಕದಲ್ಲಿ ವಿವರಿಸಿದ ಪೆಟ್ಟಿಗೆ ಬೀಗದಲ್ಲಿ ಅಕ್ಷರಗಳ ನಾಲ್ಕು ಬಿಲ್ಲೆಗಳಿದ್ದವು. ಯೂರೋಪಿನ ಹಳೇ ಬೀಗಗಳಲ್ಲೂ ಬಳೆಯ ಮೇಲೆ ಅಕ್ಷರಗಳೇ. ಒಂದು ಪದ ನೆನಪಿಟ್ಟರೆ ಸಾಕು. ಅಂಕಿಯ ಬೀಗಕ್ಕೆ ಆ ಅನುಕೂಲವಿಲ್ಲ ಎಂದು ನಾನೇ ಈ ಅಂಕಣದಲ್ಲಿ ಹಿಂದೆ ಬರೆದದ್ದುಂಟು. ತಪ್ಪಾಯಿತು. ನಮ್ಮಲ್ಲಿ ಕಟಪಯಾದಿ ಇದೆಯಲ್ಲ! ಕ, ಟ, ಪ, ಯ ನಾಲ್ಕಕ್ಕೂ 1. ಅಲ್ಲಿಂದ ಮುಂದಕ್ಕೆ ಎಣಿಕೆ. ಗೋವಿಂದ ದೀಕ್ಷಿತರ ಮಗ ವೆಂಕಟಮಖಿ 'ಚತುರ್ದಂಡೀ ಪ್ರಕಾಶಿಕೆ'ಯಲ್ಲಿ 72 ಮೇಳಗಳ ಲೆಕ್ಕ ಹಾಕಿದ; ಮುಂದೆ ಮೇಳದ ಸಂಖ್ಯೆ ಹೆಸರಿನಲ್ಲೇ ಸಿಗಲಿ ಎಂದು ರಾಗಗಳ ಹೆಸರಿನ ಮೊದಲಿಗೆ ಅಕ್ಷರ ಸೇರಿಸಿದರು. ಧೀರಶಂಕರಾಭರಣ: ಧೀ 9, ರ 2, ತಿರುಗಿಸಿದರೆ 29. ಮೇಚಕಲ್ಯಾಣಿ: ಮೇ 5, ಚ 6, ತಿರುಗಿಸಿದರೆ 65. ನಡುವಿನ ಅಂತರ ಸರಿಯಾಗಿ 36. ಮಧ್ಯಮವೊಂದನ್ನು ಶುದ್ಧದಿಂದ ಪ್ರತಿಗೆ ಏರಿಸಿದರೆ ಶಂಕರಾಭರಣವೇ ಕಲ್ಯಾಣಿ. ಸಂಗೀತ ಬಲ್ಲ ಕಳ್ಳನಾಗಿದ್ದರೆ ಹತ್ತು ಸಾವಿರ ತಿರುಗಿಸಬೇಕಿರಲಿಲ್ಲ. 72ನ್ನು 72ರಿಂದ ಗುಣಿಸಿ, 5,184ಕ್ಕೆ ಮುಗಿಸಬಹುದಿತ್ತು.

ಆ ತಾಯಿ ಪ್ರತಿ ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ನಡೆದೇ ಹೋಗಿ ಕಛೇರಿ ಕೇಳುತ್ತಿದ್ದರಂತೆ. ಟ್ರಂಕಿನಲ್ಲಿ ಎರಡು ರೇಷ್ಮೆ ಸೀರೆ, ಹಳೇ ಪಂಚಾಂಗ ಬಿಟ್ಟರೆ ಬೇರೇನೂ ಇರಲಿಲ್ಲ. ಹಾಡಿದ್ದನ್ನು ಮಕ್ಕಳು ಕೇಳಿದ್ದು ಅಡುಗೆಮನೆಯಲ್ಲಿ ಮಾತ್ರ.

ನಂಬರು ಬದಲಿಸಿಕೊಡಲೇ ಎಂದೆ. ಬೇಡವೆಂದರು. ಪತ್ರಿಕೆಯಲ್ಲಿ ಹಾಕಬಹುದೇ ಎಂದೆ. "ಹಾಕಿ ಸಾರ್, ಕೊಕ್ಕೆನೇ ಮುರಿದಿದೆಯಲ್ಲ" ಎಂದರು. ಯಾವ ಕಂಪನಿಯದೆಂದು ಮತ್ತೆ ಕೇಳಲಿಲ್ಲ.

ಅಲಿಗಡ ಮುಂದಿನ ವಾರ.