ಟಿಂಗ್ ಎನ್ನಬೇಕಾದದ್ದು ಟರ್ರ್ ಎಂದಾಗ

ನನ್ನ ಕೋಣೆಯ ಕಂಪ್ಯೂಟರ್ ಇರುವುದೇ ಹಾಡು ಕೇಳಲು. ಬರವಣಿಗೆ, ಲೆಕ್ಕಪತ್ರ ಎಲ್ಲ ನಡುನಡುವೆ. ಹೋದ ತಿಂಗಳು ಅದಕ್ಕೊಂದು ವಿಚಿತ್ರ ಕಾಯಿಲೆ ಹಿಡಿಯಿತು. ಮಲ್ಲಿಕಾರ್ಜುನ ಮನ್ಸೂರರನ್ನು ಹಾಕಿದರೆ ಒಂದಿಷ್ಟೂ ದೋಷವಿಲ್ಲ. ಮೇಲ್ ಬಂದಾಗ ‘ಟಿಂಗ್’ ಎನ್ನಬೇಕಾದದ್ದು ಮಾತ್ರ ‘ಟರ್ರ್’ ಎನ್ನುತ್ತಿತ್ತು, ತಗಡಿನ ಮೇಲೆ ಹುರುಳಿಕಾಳು ಚೆಲ್ಲಿದ ಹಾಗೆ. ನೋಡಲು ಬಂದ ರಿಪೇರಿ ಹುಡುಗ ಸ್ಪೀಕರನ್ನು ತಿರುಗಿಸಿ, ‘ಕೋನ್ ಹೋಗಿದೆ ಸರ್, ಹೊಸದು ಹಾಕಿಬಿಡಿ’ ಎಂದ. ಹರಿದ ಕೋನು ಮನ್ಸೂರರಿಗೆ ಮಾತ್ರ ಮರ್ಯಾದೆ ಕೊಡುತ್ತದೆಯೇ? ಟೀ ಕುಡಿಸಿ ಕಳಿಸಿದೆ.

ಇಂಥ ಹೊತ್ತಿನಲ್ಲಿ ಕೈಗೆ ಬರುವುದು ಹೈಸ್ಕೂಲಿನ ವ್ಯಾಕರಣ. ಚಟಚಟ, ದಬದಬ ಅಂತ ಅನುಕರಣಾವ್ಯಯ ಬರೆದು ಅಂಕ ಗಿಟ್ಟಿಸಿದ್ದೇವಲ್ಲ, ಅದೇ. ‘ಸೌಂಡ್ ಸರಿಯಿಲ್ಲ’ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಕೇಳುವ ಮೊದಲ ಪ್ರಶ್ನೆ, ‘ಬಾಯಲ್ಲಿ ಮಾಡಿ ತೋರಿಸಿ ನೋಡೋಣ.’ ಮುಜುಗರಪಟ್ಟುಕೊಂಡೇ ಮಾಡುತ್ತಾರೆ. ಅರ್ಧ ರೋಗ ಅಲ್ಲೇ ಸಿಕ್ಕಿಬಿಡುತ್ತದೆ.

‘ಗುಂಯ್’ ಎಂದು ಒಂದೇ ಸಮ ಗುನುಗುತ್ತಿದ್ದರೆ ಅದು ಕರೆಂಟಿನ ದನಿ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಹೊಯ್ದಾಡುತ್ತದೆ. ಕಂಪ್ಯೂಟರಿಗೊಂದು ಗೋಡೆಯ ಪ್ಲಗ್, ಆಂಪ್ಲಿಫೈಯರಿಗೆ ಇನ್ನೊಂದು ಗೋಡೆಯದು ಎಂದಾದರೆ ಅರ್ಥಿಂಗಿನ ದಾರಿ ಸುತ್ತು ಹಾಕಿ ಆ ಹೊಯ್ದಾಟ ಸ್ಪೀಕರಿಗೆ ನುಗ್ಗುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ ನೋಡಿ. ಅರ್ಥ್ ಪಿನ್ ಮುರಿದರೆ ಗುಂಯ್ ಹೋಗುತ್ತದೆ ಎನ್ನುವ ಪಂಡಿತರಿದ್ದಾರೆ, ಅವರ ಮಾತು ಬೇಡ. ಆ ಪಿನ್ ಇರುವುದು ನಿಮ್ಮ ಜೀವಕ್ಕೆ.

ಮೌಸ್ ಸರಿಸಿದಾಗಲೆಲ್ಲ ‘ಕಿಚಕಿಚ’ ಎಂದರೆ ಪೆಟ್ಟಿಗೆಯ ಮುಂದಿನ ಸಾಕೆಟ್ಟಿನ ಮೇಲೆ ಗುಮಾನಿ. ಅಲ್ಲಿಂದ ಮದರ್‌ಬೋರ್ಡಿಗೆ ಹೋಗುವ ಸಪೂರ ವೈರು ಒಳಗಿನ ಗಲಾಟೆಯನ್ನೆಲ್ಲ ಕದ್ದು ಕೇಳುತ್ತದೆ. ಹಿಂಭಾಗದ ಹಸಿರು ತೂತಿಗೆ ಬದಲಿಸಿ. ‘ಟಿಂಗ್’ ಎನ್ನುವುದರ ತಲೆ ಹಾರಿ ಬರೀ ‘ಇಂಗ್’ ಕೇಳಿಸಿದರೆ ಸೌಂಡ್ ಚಿಪ್ಪು ವಿದ್ಯುತ್ ಉಳಿಸಲು ನಿದ್ದೆಗೆ ಜಾರಿದೆ, ಎದ್ದು ಕೂರುವಷ್ಟರಲ್ಲಿ ಶಬ್ದ ಅರ್ಧ ಮುಗಿದಿದೆ. ಬ್ಲೂಟೂತ್ ಹೆಡ್‌ಸೆಟ್ಟಿನಲ್ಲಿ ಎಲ್ಲವೂ ಹಳೆಯ ಟ್ರಂಕ್ ಕಾಲಿನಂತೆ ಕೇಳಿಸಿದರೆ ಅದರ ಮೈಕನ್ನು ಯಾವುದೋ ಆ್ಯಪ್ ತೆರೆದಿಟ್ಟಿದೆ ಎಂದರ್ಥ.

ಇನ್ನು ‘ಟಕ್... ಟಕ್’ ಎಂಬ ತುಂಡು ತುಂಡು ಶಬ್ದ. ವಿಂಡೋಸ್ ಸಾಮಾನ್ಯವಾಗಿ ದನಿಯನ್ನು 10 ಮಿಲಿಸೆಕೆಂಡಿನ ತುತ್ತುಗಳಾಗಿ ಬಡಿಸುತ್ತದೆ. ಮದುವೆ ಪಂಕ್ತಿಯಲ್ಲಿ ಸಾರಿನವನು ಎಲ್ಲೋ ಹರಟುತ್ತ ನಿಂತರೆ ಅನ್ನ ಕಲಸಲು ಕೂತವನ ಕೈ ತಡೆಯುತ್ತದಲ್ಲ, ಹಾಗೆ ತುತ್ತು ತಡವಾದಲ್ಲೆಲ್ಲ ಒಂದು ಟಕ್. ಸಾರಿನವನನ್ನು ಹರಟೆಗೆ ಎಳೆದವನು ಬಹಳ ಸಲ ವೈ-ಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಆಗಿರುತ್ತಾನೆ, ಸೌಂಡ್ ಡ್ರೈವರ್ ಅಲ್ಲ.

ನನ್ನದು ಇದಾವುದೂ ಅಲ್ಲ, ‘ಟರ್ರ್’. ವಾಲ್ಯೂಮ್ ತಗ್ಗಿಸಿದೆ. ಶಬ್ದ ಸಣ್ಣದಾಯಿತು, ಒಡಕು ಹಾಗೇ ಉಳಿಯಿತು. ಕೋನಿನ ತಪ್ಪಾಗಿದ್ದರೆ ಮೆಲ್ಲಗೆ ನುಡಿಸಿದಾಗ ಒಡಕು ತಗ್ಗಬೇಕಿತ್ತು. ಅಂದರೆ ಸ್ಪೀಕರ್ ತಲುಪುವ ಮೊದಲೇ ಶಬ್ದ ಕೆಟ್ಟಿದೆ. ವಿಂಡೋಸ್ ಫೋಲ್ಡರಿನೊಳಗಿನ ‘ಮೀಡಿಯಾ’ದಲ್ಲಿ ಈ ಟಿಂಗು ಟಣ್ಣುಗಳ ಫೈಲುಗಳಿವೆ. ನನ್ನದನ್ನು ಹುಡುಕಿ, ಹಾಡು ಕೇಳುವ ಪ್ಲೇಯರಿನಲ್ಲೇ ಹಾಕಿದೆ. ಗಂಟೆ ಬಾರಿಸಿದಂತೆ ಶುದ್ಧವಾಗಿ ಬಂತು! ಫೈಲೂ ನಿರಪರಾಧಿ.

ವಾಲ್ಯೂಮ್ ಮಿಕ್ಸರ್ ತೆರೆದಾಗ ಕಳ್ಳ ಸಿಕ್ಕ. ಪ್ಲೇಯರ್ 40ರಲ್ಲಿತ್ತು, ಸಿಸ್ಟಂ ಸೌಂಡ್ಸ್ 100ರಲ್ಲಿ. ಇವೆರಡೂ ಕೂಡಿದ ಮೇಲೆ ಹಾಯ್ದುಹೋಗಬೇಕಾದ ದಾರಿಯಲ್ಲಿ ತಬಲಾದ ಬಾಯಾ ಇನ್ನಷ್ಟು ತುಂಬಿ ಬರಲಿ ಎಂದು ನಾನೇ ಎಂದೋ ಈಕ್ವಲೈಸರಿನಲ್ಲಿ 9 ಡೆಸಿಬೆಲ್ ಏರಿಸಿದ್ದೆ, ಬರೀ ಬಾಸ್ ಎಂದುಕೊಂಡು ಎಲ್ಲ ಪಟ್ಟಿಗಳನ್ನೂ. 9 ಡೆಸಿಬೆಲ್ ಎಂದರೆ ಅಲೆಯ ಎತ್ತರ ಸುಮಾರು 2.8 ಪಟ್ಟು. ಡಿಜಿಟಲ್ ದನಿಗೊಂದು ಗಟ್ಟಿ ಛಾವಣಿ ಇದೆ: ಸಿ.ಡಿ.ಯ 16 ಬಿಟ್ ಲೆಕ್ಕದಲ್ಲಿ 32,767. ಅದರಾಚೆಗೆ ಅಂಕಿಯೇ ಇಲ್ಲ. ಮನ್ಸೂರರು 40ರಲ್ಲಿ ಹಾಡುತ್ತಿದ್ದುದರಿಂದ ತಲೆಗೆ ಛಾವಣಿ ತಗುಲಲಿಲ್ಲ. ತುಂಬಿಕೊಂಡೇ ಬಂದ ಟಿಂಗು ನೇರ ಹೋಗಿ ಬಡಿದು ನೆತ್ತಿ ಚಪ್ಪಟೆಯಾಯಿತು. ಚಪ್ಪಟೆಯಾದ ಅಲೆ ತನ್ನಲ್ಲಿಲ್ಲದ ಮೇಲಿನ ಸ್ವರಗಳನ್ನೆಲ್ಲ ಹುಟ್ಟಿಸಿಕೊಳ್ಳುತ್ತದೆ. ಟರ್ರ್ ಎಂಬುದು ಅವೇ.

ತಂಬೂರಿಯ ಕುದುರೆ ಮೇಲೆ ತಂತಿಯಡಿ ಎಳೆ ದಾರ ಸಿಕ್ಕಿಸಿ ಜೀವಾಳ ಕೂರಿಸುವಾಗಲೂ ನಾವು ಬಯಸುವುದು ಮೇಲಿನ ಸ್ವರಗಳನ್ನೇ. ಅಲ್ಲಿ ಅವು ತಂತಿಯ ಶ್ರುತಿಗೆ ಒಲಿದು ಅರಳುತ್ತವೆ, ಇಲ್ಲಿ ಪೆಟ್ಟು ತಿಂದು ಕಿರುಚುತ್ತವೆ.

ಇಷ್ಟು ಚಿಕ್ಕ ಶಬ್ದಕ್ಕೆ ಇಷ್ಟೆಲ್ಲ ಏಕೆ ಎನ್ನಬೇಡಿ. ವಿಂಡೋಸ್ 95 ಎದ್ದೇಳುವ ದನಿಯನ್ನು ಹೊಸೆದವರು ಸಂಗೀತಗಾರ ಬ್ರಯಾನ್ ಈನೋ. ಆ ಕೆಲವು ಸೆಕೆಂಡಿಗಾಗಿ 84 ತುಣುಕು ಮಾಡಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮಾಡಿದ್ದು ಮಾತ್ರ ಮ್ಯಾಕಿನಲ್ಲಿ!

ಈಕ್ವಲೈಸರನ್ನು ಸೊನ್ನೆಗೆ ಇಳಿಸಿದೆ. ಬಾಯಾದ ದನಿ ಕೊಂಚ ಸೊರಗಿತು, ನಿಜ. ಸ್ಪೀಕರನ್ನು ಗೋಡೆಗೆ ಒಂದು ಗೇಣು ಹತ್ತಿರ ತಳ್ಳಿ ಅದನ್ನು ಮರಳಿ ಪಡೆದೆ. ಸಿಸ್ಟಂ ಸೌಂಡ್ಸ್ 30ಕ್ಕೆ ಬಂತು. ಪರೀಕ್ಷಿಸಲು ನನಗೆ ನಾನೇ ಒಂದು ಖಾಲಿ ಮೇಲ್ ಕಳಿಸಿಕೊಂಡೆ.

ಟಿಂಗ್.