ನೌಕಾಭಂಗದ ಕಥನಗಳೂ ವಾಚಕನ ಕುತೂಹಲವೂ

ಹಡಗೊಡೆದು ಜನ ಮಡಿದ ವೃತ್ತಾಂತಗಳನ್ನು ನಾವು ಕೈಗೆತ್ತಿಕೊಂಡರೆ ಮುಗಿಸದೆ ಕೆಳಗಿಡುವುದಿಲ್ಲ. ಮುಗಿಸಿದ ಮೇಲೆ ಓದಿದುದಕ್ಕಾಗಿ ಒಂದಿಷ್ಟು ನಾಚುತ್ತೇವೆ. ಪರರ ಸಾವಿನಲ್ಲಿ ಈ ಆಸಕ್ತಿಯೇಕೆ? ಇದು ಬರಿಯ ಮನೋವಿಕಾರವೆ, ಅಥವಾ ಇದಕ್ಕೊಂದು ಸಮರ್ಥನೆಯುಂಟೆ? ಎರಡು ಕಥನಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಶ್ನೆ ಹೊಸತಲ್ಲ. ಬಿರುಗಾಳಿಗೆ ಸಿಕ್ಕವನನ್ನು ದಡದಿಂದ ನೋಡುವವನ ಸುಖವನ್ನು ರೋಮನ್ ಕವಿ ಲುಕ್ರೇಶಿಯಸನು ತನ್ನ ಕಾವ್ಯದಲ್ಲಿ ಪ್ರಸ್ತಾಪಿಸಿದ್ದಾನೆ. ಆ ಸುಖಕ್ಕೆ ಕಾರಣ ಪರರ ಸಂಕಟವಲ್ಲ, ಆ ಸಂಕಟ ತನಗಿಲ್ಲವೆಂಬ ಅರಿವು ಎಂಬುದು ಅವನ ಮತ. ನಮ್ಮ ಆಲಂಕಾರಿಕರು ಬೇರೆ ದಾರಿ ಹಿಡಿದರು. ಭಟ್ಟನಾಯಕನು ಹೇಳಿದ ಸಾಧಾರಣೀಕರಣದಿಂದ ಶೋಕವು ವ್ಯಕ್ತಿಸಂಬಂಧವನ್ನು ಕಳಚಿಕೊಂಡು ಆಸ್ವಾದ್ಯವಾಗುತ್ತದೆ. ಕರುಣವೂ ಆನಂದಮಯವೆಂಬುದಕ್ಕೆ ಸಹೃದಯರ ಅನುಭವವೇ ಪ್ರಮಾಣವೆಂದು ವಿಶ್ವನಾಥನು ವಾದಿಸಿದನು. ನಾಟ್ಯದರ್ಪಣಕಾರರಾದ ರಾಮಚಂದ್ರ-ಗುಣಚಂದ್ರರು ಮಾತ್ರ ಕೆಲವು ರಸಗಳು ದುಃಖಾತ್ಮಕವೇ ಎಂದು ಭಿನ್ನಮತ ತಾಳಿದರು. ಆದರೆ ಈ ಚರ್ಚೆಯೆಲ್ಲ ಕಾವ್ಯನಾಟಕಗಳನ್ನು ಕುರಿತದ್ದು. ನಡೆದ ಘಟನೆಯ ವರದಿಯಲ್ಲಿ ಸತ್ತವರು ವಿಭಾವಮಾತ್ರರಲ್ಲ; ನಿಜವಾಗಿಯೂ ಸತ್ತವರು. ಅಲ್ಲಿಗೆ ಬೇರೊಂದು ವಿವರಣೆ ಬೇಕು.

ಪೋರ್ಚುಗೀಸರ ‘ಸಾವೊ ಜೋವಾವೊ’ ಹಡಗು 1552ರ ಫೆಬ್ರುವರಿಯಲ್ಲಿ ಮೆಣಸು ಹೇರಿಕೊಂಡು ಕೊಚ್ಚಿಯಿಂದ ಹೊರಟು, ಜೂನಿನಲ್ಲಿ ಆಫ್ರಿಕದ ನಟಾಲ್ ತೀರದಲ್ಲಿ ಒಡೆಯಿತು. ದಡ ಸೇರಿದ ನೂರಾರು ಜನ ತಿಂಗಳುಗಟ್ಟಲೆ ಉತ್ತರಕ್ಕೆ ನಡೆದರು. 1553ರಲ್ಲಿ ಮೊಜಾಂಬಿಕ್ ಮುಟ್ಟಿದವರು ಸುಮಾರು 25 ಮಂದಿ. ಕಪ್ತಾನ ಸೆಪುಲ್ವೆದನ ಪತ್ನಿ ಲಿಯೊನೋರಳು ಉಟ್ಟ ಬಟ್ಟೆಯನ್ನೂ ಕಳೆದುಕೊಂಡು, ಮಾನರಕ್ಷಣೆಗಾಗಿ ಮರಳಿನಲ್ಲಿ ಹೂತುಕೊಂಡು ಅಲ್ಲಿಯೇ ಪ್ರಾಣಬಿಟ್ಟಳು. ಅವಳನ್ನು ಹೂಳಿ ಕಾಡು ಹೊಕ್ಕ ಕಪ್ತಾನನು ಮರಳಲಿಲ್ಲ.

1572ರಲ್ಲಿ ಪ್ರಕಟವಾದ ತನ್ನ ಮಹಾಕಾವ್ಯದಲ್ಲಿ ಕಮೋಯಿಶನು ಈ ದುರಂತವನ್ನು ಭೂಶಿರದ ದೈತ್ಯನ ಭವಿಷ್ಯವಾಣಿಯಾಗಿ ಮಾಡಿದನು. ಅಲ್ಲಿ ಎಲ್ಲಕ್ಕೂ ದೈತ್ಯನ ಕೋಪವೇ ಕಾರಣ. ವಾಚಕನಿಗೆ ಕರುಣೆ ಹುಟ್ಟುತ್ತದೆ, ಕರುಣೆಯಲ್ಲಿಯೇ ಶಾಂತಿಯೂ ದೊರೆಯುತ್ತದೆ. ಗೋಮೆಸ್ ದ ಬ್ರಿತೋ 1735-36ರಲ್ಲಿ ಪ್ರಕಟಿಸಿದ ಸಂಕಲನದಲ್ಲಿರುವ ಗದ್ಯವೃತ್ತಾಂತ ಹಾಗಲ್ಲ. ಮೆಣಸು ಸಕಾಲಕ್ಕೆ ದೊರೆಯದೆ ಹೊರಡುವುದು ತಡವಾಯಿತು; ಹಾಯಿಗಳು ಜೀರ್ಣವಾಗಿದ್ದುದರಿಂದ ನಡುಗಡಲಿನಲ್ಲಿ ಅವನ್ನು ಹೊಲಿಯುತ್ತ ದಿನ ಕಳೆಯಬೇಕಾಯಿತು ಎಂದು ಅದು ಹೇಳುತ್ತದೆ. ಮಹಾಕಾವ್ಯದಲ್ಲಿ ವಿಧಿಯಿದೆ, ವೃತ್ತಾಂತದಲ್ಲಿ ಲೋಪವಿದೆ. ವಿಧಿಯ ಮುಂದೆ ನಾವು ಕಣ್ಣೀರಿಡುತ್ತೇವೆ. ಲೋಪದ ಮುಂದೆ ನಮಗೆ ಸಮಾಧಾನವಿಲ್ಲ. ಹಾಯಿ ಹೊಸದಾಗಿದ್ದಿದ್ದರೆ ಎಂದು ಮತ್ತೆ ಮತ್ತೆ ಹಿಂದಿನ ಪುಟಗಳಿಗೆ ಮರಳುತ್ತೇವೆ. ನೌಕಾಭಂಗದ ಕಥನದ ವಿಶಿಷ್ಟವಾದ ಆಕರ್ಷಣೆ ಈ ಮರಳುವಿಕೆಯಲ್ಲಿದೆ ಎಂದು ನಾವು ಭಾವಿಸುತ್ತೇವೆ.

ಭಯಾನಕ ಬೀಭತ್ಸಗಳ ಸೆಳೆತ ಇಲ್ಲವೆಂದು ಇದರಿಂದ ಸಾಧಿಸಿದಂತಾಗದು. ಬರಿಯ ಹಾಯಿಯ ಲೆಕ್ಕವಾಗಿದ್ದರೆ ಅದನ್ನು ಯಾರೂ ಓದುತ್ತಿರಲಿಲ್ಲ. 1816ರ ಜುಲೈನಲ್ಲಿ ಫ್ರೆಂಚ್ ನೌಕೆ ‘ಮೆಡೂಸ’ ಆಫ್ರಿಕದ ಪಶ್ಚಿಮ ತೀರದ ಮರಳುದಿಬ್ಬಕ್ಕೆ ಸಿಕ್ಕಿತು. ಅದರ ಕಪ್ತಾನನು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಹಡಗು ನಡೆಸದವನು. ಆ ಪದವಿ ಅವನಿಗೆ ಬಂದುದು ರಾಜಾನುಗ್ರಹದಿಂದ. ತೆಪ್ಪವೊಂದರ ಮೇಲೆ 147 ಜನರನ್ನು ಏರಿಸಿ, ಅದನ್ನು ಎಳೆಯಬೇಕಾದ ದೋಣಿಗಳವರು ಹಗ್ಗವನ್ನು ಬಿಟ್ಟುಹೋದರು. 13 ದಿನಗಳ ಮೇಲೆ ಬದುಕುಳಿದವರು 15 ಮಂದಿ. ಅವರಲ್ಲಿಬ್ಬರಾದ ಸವಿಞಿ ಮತ್ತು ಕೊರಿಯಾರರು 1817ರಲ್ಲಿ ಪ್ರಕಟಿಸಿದ ಕಥನದಲ್ಲಿ ನರಮಾಂಸಭಕ್ಷಣೆಯ ಪುಟಗಳಿವೆ. ಅನೇಕರು ಆ ಪುಟಗಳಿಗಾಗಿಯೇ ಓದಿದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಾಗೆ ಓದಿದವರಿಗೂ ಹಗ್ಗದ ಸಂಗತಿ ತಿಳಿಯಿತು. ಯೋಗ್ಯತೆಯಿಲ್ಲದವನಿಗೆ ಹಡಗನ್ನು ಒಪ್ಪಿಸಿದವರಾರೆಂಬ ಪ್ರಶ್ನೆ ರಾಜಕೀಯ ವಿವಾದವಾಗಿ ಬೆಳೆಯಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಕಥೆ ಹೇಳುವವರು ಉಳಿದವರು. ಸತ್ತವರ ಸಾಕ್ಷ್ಯ ನಮಗೆ ದೊರೆಯದು. ಉಳಿದಿದ್ದ ಮದ್ಯವನ್ನು ಉಳಿಸಿಕೊಳ್ಳುವುದಕ್ಕಾಗಿ ಸಾಯುವ ಸ್ಥಿತಿಯಲ್ಲಿದ್ದವರನ್ನು ಸಮುದ್ರಕ್ಕೆ ನೂಕಿದುದನ್ನು ತೆಪ್ಪದ ಕಥನಕಾರರು ಅನಿವಾರ್ಯತೆಯೆಂದು ವಿವರಿಸುತ್ತಾರೆ. ನೂಕಲ್ಪಟ್ಟವರ ವಿವರಣೆ ಯಾವ ಗ್ರಂಥದಲ್ಲಿಯೂ ಇಲ್ಲ. ಪೋರ್ಚುಗೀಸ್ ವೃತ್ತಾಂತದಲ್ಲಿ ಲಿಯೊನೋರಳ ಸಾವಿಗೆ ವಿಸ್ತಾರವಾದ ವರ್ಣನೆಯಿದೆ. ಅದೇ ಹಡಗಿನಲ್ಲಿದ್ದ ಗುಲಾಮರು ಬಹುಮಟ್ಟಿಗೆ ಸಂಖ್ಯೆಯಾಗಿ ಬರುತ್ತಾರೆ.

ಆದುದರಿಂದ ನಾಚಬೇಕಾದುದು ಕುತೂಹಲಕ್ಕಾಗಿ ಅಲ್ಲ; ಅದು ಭೀಕರದಲ್ಲಿಯೇ ತೃಪ್ತಿಗೊಂಡು ನಿಂತರೆ ಆಗ. ಹಗ್ಗ ಬಿಟ್ಟವರು ಯಾರು, ಹೇಳುತ್ತಿರುವವರು ಯಾರು, ಹೇಳಲಾಗದೆ ಹೋದವರು ಯಾರು ಎಂಬ ಮೂರು ಪ್ರಶ್ನೆಗಳವರೆಗೆ ನಡೆದ ವಾಚಕನು ಪರರ ಸಾವಿನಿಂದ ಸುಖ ಪಡೆದನೆಂದು ಹೇಳುವುದು ನ್ಯಾಯವಾಗದು. ಲುಕ್ರೇಶಿಯಸನ ದಡದಲ್ಲಿ ಅವನು ನಿಂತಿರಬಹುದು. ಆದರೆ ಅವನು ಅಲ್ಲಿ ನಿಂತಿರುವುದು ಸಾಕ್ಷಿಯಾಗಿ.