ಹಂಪಿಯ ಒಂದು ದಿನದ ಪ್ರವಾಸ: ದಾಟದೆ ಉಳಿದ ಹೊಳೆ

ಹೊಸಪೇಟೆಯಿಂದ ಬೆಳಿಗ್ಗೆ ಹೊರಟು, ಹಂಪಿ ತೋರಿಸಿ, ಕತ್ತಲಾಗುವ ಹೊತ್ತಿಗೆ ವಾಪಸು ತಂದುಬಿಡುವ ಮಾರ್ಗದರ್ಶಿ ಪ್ರವಾಸಕ್ಕೆ ಈಗ ಒಂದು ಸಿದ್ಧರೂಪ ಬಂದಿದೆ. ವಾಹನ ಆಟೊ ಆಗಿರಲಿ, ಟೆಂಪೊ ಟ್ರಾವೆಲರ್ ಆಗಿರಲಿ, ದಾರಿ ಹೆಚ್ಚುಕಡಿಮೆ ಒಂದೇ. ಹದಿಮೂರು ಕಿಲೋಮೀಟರ್ ಕ್ರಮಿಸಿದರೆ ಕಡಲೆಕಾಳು ಗಣೇಶ, ಸಾಸಿವೆಕಾಳು ಗಣೇಶ, ಕೃಷ್ಣ ದೇವಾಲಯ, ಉಗ್ರನರಸಿಂಹ, ಬಡವಿಲಿಂಗ, ವಿರೂಪಾಕ್ಷ. ಕಮಲಾಪುರದ ಕಡೆ ಊಟ. ಆಮೇಲೆ ಹಜಾರರಾಮ, ಮಹಾನವಮಿ ದಿಬ್ಬ, ಕಮಲ ಮಹಲ್, ಗಜಶಾಲೆ, ರಾಣಿಯ ಸ್ನಾನಗೃಹ. ಬಿಸಿಲು ಇಳಿಯುವಾಗ ವಿಜಯ ವಿಠ್ಠಲ. ಇದರ ನಡುವೆ ಎಲ್ಲೋ ಒಂದು ಕಡೆ, ತುಂಗಭದ್ರಾ ಹೊಳೆಯಲ್ಲಿ ನೀರು ಹದವಾಗಿದ್ದರೆ, ಹರಿಗೋಲಿನಲ್ಲಿ ಒಂದು ಸುತ್ತು. ಕಾರ್ಯಕ್ರಮದ ಪಟ್ಟಿಯಲ್ಲಿ ಇದರ ಹೆಸರು ‘ನದಿ ವಿಹಾರ’. ಲಕ್ಷಾಂತರ ಜನ ವಿಜಯನಗರವನ್ನು ಅರಿಯುವುದು ಈ ಒಂದು ದಿನದ ಮೂಲಕವೇ. ಪುಸ್ತಕಗಳ ಮೂಲಕ ಅರಿಯುವವರು ಬಹಳ ಕಡಿಮೆ. ಆದ್ದರಿಂದ ಒಂದು ಪುಸ್ತಕವನ್ನು ಹೇಗೆ ಪರೀಕ್ಷಿಸುತ್ತಾರೋ ಹಾಗೆಯೇ ಈ ಪ್ರವಾಸವನ್ನೂ ಪರೀಕ್ಷಿಸಬೇಕು: ಏನನ್ನು ಮೊದಲು ಹೇಳುತ್ತದೆ, ಏನನ್ನು ಬಿಡುತ್ತದೆ, ಯಾವುದಕ್ಕೆ ಎಷ್ಟು ಹೊತ್ತು ಕೊಡುತ್ತದೆ.

ಹೊತ್ತಿನ ಲೆಕ್ಕವೇ ಮೊದಲ ತೊಡಕು. ಯುನೆಸ್ಕೊ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹಂಪಿಯ ಸ್ಮಾರಕ ಪ್ರದೇಶದ ವಿಸ್ತಾರ ಸುಮಾರು 41.8 ಚದರ ಕಿಲೋಮೀಟರ್. ಒಂದು ದಿನದಲ್ಲಿ ಅದರಲ್ಲಿ ಕಾಲಿಡಲು ಸಾಧ್ಯವಾಗುವುದು ಚೂರುಪಾರು ಜಾಗಗಳಲ್ಲಿ ಮಾತ್ರ. ಪುರಾತತ್ವ ಇಲಾಖೆಯ ಟಿಕೆಟ್ ಕೂಡ ಈ ಅವಸರಕ್ಕೆ ಒಂದು ಕಾರಣ. ವಿಠ್ಠಲ ದೇವಾಲಯ, ಕಮಲ ಮಹಲ್ ಆವರಣ, ಕಮಲಾಪುರದ ವಸ್ತುಸಂಗ್ರಹಾಲಯ ಮೂರಕ್ಕೂ ಸೇರಿ ಒಂದೇ ಟಿಕೆಟ್, ಅದೂ ಆ ದಿನಕ್ಕೆ ಮಾತ್ರ. ಮೂರರಲ್ಲಿ ಕೈಬಿಟ್ಟುಹೋಗುವುದು ಹೆಚ್ಚಾಗಿ ವಸ್ತುಸಂಗ್ರಹಾಲಯ. ಸಂಜೆ ಉಳಿದ ಹತ್ತು ನಿಮಿಷದಲ್ಲಿ ಅದನ್ನು ಮುಗಿಸುವುದೂ ಉಂಟು, ಶುಕ್ರವಾರವಾದರೆ ಬಾಗಿಲೇ ತೆರೆದಿರುವುದಿಲ್ಲ. ಇದು ದೊಡ್ಡ ನಷ್ಟ. ಆ ಕಟ್ಟಡದ ಅಂಗಳದಲ್ಲಿ ಇಡೀ ವಿಜಯನಗರದ ಪ್ರತಿಕೃತಿ ಇದೆ: ಗುಡ್ಡಗಳು, ಕೋಟೆಯ ಸಾಲುಗಳು, ಕಣಿವೆಗಳು, ಉತ್ತರಕ್ಕೆ ಬಾಗುವ ಹೊಳೆ. ಅದರ ಮುಂದೆ ಕಾಲು ಗಂಟೆ ನಿಂತವರಿಗೆ ದೇವಾಲಯಗಳು ಹೆಚ್ಚಾಗಿ ಹೊಳೆಯ ಕಡೆಗೆ, ಅರಮನೆಗಳು ಅದರಿಂದ ದೂರ, ನಡುವೆ ಕಾಲುವೆಯ ಗದ್ದೆಗಳು ಎಂಬ ನಗರದ ವಿನ್ಯಾಸ ಕಣ್ಣಿಗೆ ಕಟ್ಟುತ್ತದೆ. ಮೊದಲು ನೋಡಬೇಕಾದ ಇದನ್ನು ಪ್ರವಾಸ ಕೊನೆಗೆ ತಳ್ಳುತ್ತದೆ. ಹಾಗಾಗಿ ಪ್ರವಾಸಿಗೆ ಹಂಪಿ ಒಂದು ನಗರವಾಗಿ ಕಾಣುವುದಿಲ್ಲ, ಅಲ್ಲಲ್ಲಿ ಇಳಿದು ಹತ್ತಿದ ನಿಲ್ದಾಣಗಳಾಗಿ ಉಳಿಯುತ್ತದೆ.

ಮಾರ್ಗದರ್ಶಿಗಳ ವಿವರಣೆಯಲ್ಲಿ ಗುಣವೂ ಇದೆ, ದೋಷವೂ ಇದೆ. ಗುಣ ಎದ್ದು ಕಾಣುವುದು ಹಜಾರರಾಮ ದೇವಾಲಯದಲ್ಲಿ. ಹೊರಗೋಡೆಯ ಸಾಲುಗಳಲ್ಲಿ ಆನೆ, ಕುದುರೆ, ಸೈನಿಕರು, ನರ್ತಕಿಯರು. ಒಳಗೋಡೆಗಳ ಮೇಲೆ ರಾಮಾಯಣ. ಸುತ್ತಿ ಬರುತ್ತ ಒಂದೊಂದು ಪ್ರಸಂಗವನ್ನೂ ಬೆರಳಿಟ್ಟು ತೋರಿಸಿ ಕಥೆ ಹೇಳುವ ಸ್ಥಳೀಯ ಮಾರ್ಗದರ್ಶಿಗೆ ಸಮನಾದ ಫಲಕ ಇನ್ನೂ ಯಾರೂ ಬರೆದಿಲ್ಲ. ವಿಠ್ಠಲ ದೇವಾಲಯದ ಕಲ್ಲಿನ ರಥದ ಎದುರು ಮಾತ್ರ ಅದೇ ವಿವರಣೆ ಸೊರಗುತ್ತದೆ. 50 ರೂಪಾಯಿ ನೋಟಿನ ಮೇಲಿರುವ ಚಿತ್ರ ಇದೇ, ಚಕ್ರಗಳು ಹಿಂದೆ ತಿರುಗುತ್ತಿದ್ದವು, ಇಲ್ಲಿ ನಿಂತರೆ ಫೋಟೊ ಚೆನ್ನಾಗಿ ಬರುತ್ತದೆ. ಇಷ್ಟಕ್ಕೇ ಮಾತು ನಿಂತುಬಿಡುತ್ತದೆ. ಅದು ಗರುಡನ ಗುಡಿ. ಮುಂದಿರುವ ಆನೆಗಳು ಮೂಲದ ರಚನೆಯಲ್ಲ; ಆನೆಗಳ ಹಿಂಬದಿಗೆ ಬಗ್ಗಿ ನೋಡಿದರೆ ಕುದುರೆಯ ಬಾಲ ಮತ್ತು ಹಿಂಗಾಲಿನ ಗುರುತು ಈಗಲೂ ಕಲ್ಲಿನಲ್ಲಿ ಉಳಿದಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಈ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಇದೆ, ಈಗ ಇಲ್ಲ. ಒಂದು ಸ್ಮಾರಕ ಹೇಗೆ ಮುರಿಯುತ್ತದೆ, ಹೇಗೆ ದುರಸ್ತಿಯಾಗುತ್ತದೆ, ನಮ್ಮ ಕಣ್ಣಿಗೆ ಬೀಳುವ ರೂಪ ಹೇಗೆ ಬಂತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಡೀ ಹಂಪಿಯಲ್ಲಿ ಸಿಗುವುದು ಕಷ್ಟ.

ಅದೇ ದೇವಾಲಯದ ಸಂಗೀತ ಕಂಬಗಳ ವಿಷಯವೂ ಹೀಗೆಯೇ. ಒಳಗೆ ಟೊಳ್ಳಿದೆಯೇ ಎಂದು ನೋಡಲು ಬ್ರಿಟಿಷರು ಕಂಬ ಕತ್ತರಿಸಿದರು ಎಂಬ ಕಥೆ ತಪ್ಪದೆ ಬರುತ್ತದೆ. ಕಲ್ಪಾಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಗಳಿಗೆ ಘಾಸಿಯಾಗದಂತೆ ಪರೀಕ್ಷಿಸಿ ಅವು ಗಟ್ಟಿ ಕಲ್ಲೇ ಎಂದು ತೋರಿಸಿದ ಸಂಗತಿ ಬರುವುದು ಅಪರೂಪ. ಕಮಲ ಮಹಲ್, ರಾಣಿಯ ಸ್ನಾನಗೃಹ, ಜನಾನಾ (ರಾಣಿವಾಸ) ಎಂಬ ಹೆಸರುಗಳು ಸಾಮ್ರಾಜ್ಯ ಅಳಿದು ಬಹುಕಾಲದ ಮೇಲೆ ಅಂಟಿಕೊಂಡವು. ಆನೆಲಾಯದ ಪಕ್ಕದಲ್ಲೇ ರಾಣಿವಾಸ ಇದ್ದಿರಬಹುದೇ ಎಂದು 1980ರ ದಶಕದಿಂದ ಇಲ್ಲಿ ವರ್ಷಾನುಗಟ್ಟಲೆ ಅಳತೆ ತೆಗೆದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಶಂಕಿಸಿದ್ದಾರೆ. ಮಾರ್ಗದರ್ಶಿ ಕಥೆ ಹೇಳಬಾರದು ಎಂದೇನಿಲ್ಲ. ಕಥೆ ಯಾವುದು, ಶಾಸನ ಯಾವುದು, ಊಹೆ ಯಾವುದು ಎಂದು ಬೇರೆ ಮಾಡಿ ಹೇಳಿದರೆ ಕೇಳುಗರ ಆಸಕ್ತಿ ಕುಗ್ಗುವುದಿಲ್ಲ, ಹೆಚ್ಚುತ್ತದೆ.

ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರಿದ ಬೀದಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಆ ಬೀದಿಗೆ ಅನ್ನ ಕೊಟ್ಟ ನೀರಿನ ಬಗ್ಗೆ ಹೇಳುವವರು ಕಡಿಮೆ. ಕೃಷ್ಣ ದೇವಾಲಯದ ಕೆಳಗಿನ ಬಾಳೆತೋಟಗಳಿಗೆ ಇಂದಿಗೂ ನೀರು ಬರುತ್ತಿರುವುದು ವಿಜಯನಗರ ಕಾಲದ ತುರ್ತಾ ಕಾಲುವೆಯಿಂದ. ಮಹಾನವಮಿ ದಿಬ್ಬದ ಹತ್ತಿರ, 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲುಗೊಳಕ್ಕೆ ಕಲ್ಲಿನ ತೂಬುನಾಲೆ ನೀರು ತರುತ್ತಿತ್ತು. ಪ್ರವಾಸಿ ವಾಹನ ತುರ್ತಾ ಕಾಲುವೆಯನ್ನು ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಕೆಲಸ ಮಾಡುತ್ತಿರುವ ಸ್ಮಾರಕವನ್ನು ಬಿಟ್ಟು ನಿಂತುಹೋದ ಸ್ಮಾರಕಗಳನ್ನಷ್ಟೇ ತೋರಿಸುವುದು ಈ ಪ್ರವಾಸದ ಚಾಳಿ.

ಈ ಚಾಳಿಯ ಪರಿಣಾಮ ಢಾಳಾಗಿ ಕಾಣುವುದು ಹೊಳೆಯ ಮೇಲೆ. ದೇವಾಲಯಗಳ ಅವಶೇಷ ಮತ್ತು ನದಿಯಾನ ಸೇರಿದ ಪ್ರವಾಸಗಳು ಲೋಕದ ಹಲವು ಕಡೆ ಇವೆ. ಥಾಯ್ಲೆಂಡಿನ ಅಯುತ್ಥಯಾಕ್ಕೆ ಬ್ಯಾಂಕಾಕಿನಿಂದ ಹೋಗುವವರು ಚಾವೊ ಫ್ರಯಾ ನದಿಯಲ್ಲಿ ಹಡಗಿನ ಮೇಲೆ ಊಟ ಮಾಡುತ್ತ ಬರುತ್ತಾರೆ. ಅಲ್ಲಿ ನದಿಯೇ ಹೆದ್ದಾರಿಯಾಗಿತ್ತು, ವ್ಯಾಪಾರಿಗಳ ಹಡಗುಗಳು ಸಮುದ್ರದಿಂದ ಆ ದಾರಿಯಲ್ಲೇ ನಗರ ಸೇರುತ್ತಿದ್ದವು. ಹಂಪಿಯ ತುಂಗಭದ್ರೆಯ ಸ್ವಭಾವ ಇದಕ್ಕೆ ತೀರ ಬೇರೆ. ಬಂಡೆಗಳ ನಡುವೆ ಸೀಳಿ, ಸುಳಿದು, ಧುಮುಕಿ ಹರಿಯುವ ಈ ಹೊಳೆಯಲ್ಲಿ ಹಡಗು ಸಾಗದು. ಇದು ನಗರದ ಉತ್ತರದ ಅಗಳ್ತೆಯಾಗಿತ್ತು. ಸೈನ್ಯ ಸುಲಭವಾಗಿ ದಾಟಲಾರದು ಎಂಬ ಕಾರಣಕ್ಕೇ ರಾಜಧಾನಿ ಆಚೆ ದಂಡೆಯ ಆನೆಗೊಂದಿಯಿಂದ ಈಚೆ ದಂಡೆಗೆ ಬೆಳೆಯಿತು. ಇಲ್ಲಿ ಹೊಳೆಯ ಅರ್ಥ ಸಿಗಬೇಕಾದರೆ ಅದನ್ನು ದಾಟಬೇಕು. ಈಗಿನ ವಿಹಾರ ಮಾಡುವುದು ಬೇರೆ: ಹತ್ತಿದ ದಂಡೆಯಿಂದ ಒಂದು ಸುತ್ತು ಹೋಗಿ ಅದೇ ದಂಡೆಗೆ ಇಳಿಸುತ್ತದೆ.

ಹರಿಗೋಲು ಸ್ವತಃ ಒಂದು ಐತಿಹಾಸಿಕ ವಸ್ತು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಇದನ್ನು ಗಮನವಿಟ್ಟು ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗಿರುವ ದೋಣಿ, ಒಳಗೆ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತವೆ, ನೇರವಾಗಿ ಸಾಗದೆ ಸದಾ ತಿರುಗುತ್ತಿರುತ್ತದೆ. ಐನೂರು ವರ್ಷಗಳಲ್ಲಿ ಬದಲಾದದ್ದು ಹೊದಿಕೆ ಮಾತ್ರ. ಈಗ ಬಿದಿರಿನ ದಬ್ಬೆ ಹೆಣೆದು, ಹೊರಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಡಾಂಬರು ಬಳಿಯುತ್ತಾರೆ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದ ನೀರಿನಲ್ಲೂ ತೇಲುತ್ತದೆ, ಬಂಡೆಗೆ ತಾಗಿದರೆ ಒಡೆಯದೆ ಬಳುಕಿ ಜಾರುತ್ತದೆ. ಇಂಥ ಹೊಳೆಗೆ ಇದಕ್ಕಿಂತ ತಕ್ಕ ದೋಣಿ ಇನ್ನೊಂದಿಲ್ಲ. ಅಂಬಿಗನ ನಿಜವಾದ ವಿದ್ಯೆ ಇರುವುದು ಅದನ್ನು ತಿರುಗಗೊಡದೆ ಒಂದೇ ಹುಟ್ಟಿನಿಂದ ನೇರ ಒಯ್ಯುವುದರಲ್ಲಿ. ಪ್ರವಾಸಿಗಳು ಕೇಳಿ ಹಣ ಕೊಡುವುದು ಗಿರಗಿರನೆ ತಿರುಗಿಸುವುದಕ್ಕೆ. ಹೀಗೆ ವಿದ್ಯೆ ಹಿಂದೆ ಸರಿದು ಮೋಜು ಮುಂದೆ ಬಂದಿದೆ. ಇದಕ್ಕೆ ಅಂಬಿಗರನ್ನು ದೂರಲಾಗದು, ಅವರಿಗೆ ಬೇರೆ ಏನನ್ನೂ ಯಾರೂ ಕೇಳುವುದಿಲ್ಲ.

ನೀರಿನಿಂದ ಕಾಣುವುದು ಕಡಿಮೆಯೇನಲ್ಲ. ಚಕ್ರತೀರ್ಥದಲ್ಲಿ ಹೊಳೆ ಬಾಗುವಲ್ಲಿ ಕೋದಂಡರಾಮನ ಗುಡಿ, ಮೇಲೆ ವ್ಯಾಸರಾಯರ ಹೆಸರಿಗೆ ಸೇರಿದ ಯಂತ್ರೋದ್ಧಾರಕ ಆಂಜನೇಯ. ಮುಂದೆ ಹಾಸುಬಂಡೆಯ ಮೇಲೆ ಸಾಲುಸಾಲಾಗಿ ಕೊರೆದ ಕೋಟಿಲಿಂಗ, ಹತ್ತಿರವೇ ವಿಷ್ಣುವಿನ ಉಬ್ಬುಶಿಲ್ಪಗಳು. ಇವನ್ನು ಹರಿಗೋಲಿನಿಂದ ನೋಡುವುದೇ ಚೆಂದ. ಕೆಳಗೆ ಪುರಂದರ ಮಂಟಪ, ಅದರ ಬಳಿ ನೀರಿನಲ್ಲಿ ನಿಂತ ಹಳೆಯ ಸೇತುವೆಯ ಕಲ್ಗಂಬಗಳು. ಈ ಹೊಳೆಯನ್ನು ದಾಟುವ ಆಸೆ ಎಷ್ಟು ಹಳೆಯದು ಎಂಬುದಕ್ಕೆ ಆ ಕಂಬಗಳೇ ಸಾಕ್ಷಿ. ಮುಡ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ಹರಿವು 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಬೆಳಗಿನ ಹೊತ್ತು ಅದೃಷ್ಟವಿದ್ದರೆ ಬಂಡೆಯ ಮೇಲೆ ಅವೂ ಕಾಣಬಹುದು. ಇಷ್ಟೆಲ್ಲ ಇರುವ ದಾರಿಯಲ್ಲಿ ವಿವರಿಸುವವರೇ ಇರುವುದಿಲ್ಲ. ಅನೇಕ ಸಲ ಮಾರ್ಗದರ್ಶಿ ದಂಡೆಯ ನೆರಳಿನಲ್ಲಿ ಕಾಯುತ್ತಾರೆ, ಪ್ರವಾಸಿಗಳು ಮಾತ್ರ ದೋಣಿ ಹತ್ತುತ್ತಾರೆ. ಇಡೀ ದಿನದಲ್ಲಿ ವಿವರಣೆ ಅತ್ಯಗತ್ಯವಾದ ಅರ್ಧ ಗಂಟೆ ಮೌನದಲ್ಲಿ, ಸೆಲ್ಫಿಯಲ್ಲಿ ಕಳೆದುಹೋಗುತ್ತದೆ.

ಹೊಳೆಯ ನೀರಿನ ಲೆಕ್ಕ ಈಗ ಮಳೆಯ ಕೈಯಲ್ಲಿ ಮಾತ್ರವಿಲ್ಲ, 1953ರಿಂದ ಹೊಸಪೇಟೆಯ ಜಲಾಶಯದ ಕೈಯಲ್ಲೂ ಇದೆ. ಅಣೆಕಟ್ಟೆಯ 33 ಗೇಟುಗಳಿಂದ ಲಕ್ಷ ಕ್ಯುಸೆಕ್ ಮೀರಿ ನೀರು ಬಿಟ್ಟಾಗ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿಯ ಸೇತುವೆಗೆ ಆತಂಕ ಬರುತ್ತದೆ, ಹರಿಗೋಲು ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಕೆಳದಂಡೆಯ ಊರುಗಳೆಲ್ಲ ಎಚ್ಚರದಲ್ಲಿದ್ದವು. ಪ್ರವಾಸದ ಆಯೋಜಕರು ಮುಂಗಾರಿನಲ್ಲೂ ‘ನದಿ ವಿಹಾರ ಸಹಿತ’ ಎಂದು ಹಣ ಪಡೆಯುವುದು ಸರಿಯಲ್ಲ. ಜೀವರಕ್ಷಕ ಜಾಕೆಟ್ ಇಲ್ಲದೆ ಯಾವ ಋತುವಿನಲ್ಲೂ ಹತ್ತಿಸಬಾರದು. ಮೇಲೆ ಶಾಂತವಾಗಿ ಕಾಣುವಲ್ಲೇ ಬಂಡೆಯ ಕೆಳಗೆ ಸೆಳೆತ ಇರುತ್ತದೆ.

ದಾಟಿಸುವ ಪ್ರವಾಸ ಅಸಾಧ್ಯವೇನಲ್ಲ. ತಳವಾರಘಟ್ಟದ ಕಡವಿನಿಂದ ಆನೆಗೊಂದಿಗೆ ಜನ ಹರಿಗೋಲಿನಲ್ಲಿ ತಲೆಮಾರುಗಳಿಂದ ದಾಟಿದ್ದಾರೆ, ಬೈಕು ಆಡುಗಳ ಸಮೇತ. ಅಲ್ಲಿ ಕಟ್ಟುತ್ತಿದ್ದ ಸೇತುವೆಯ ಕಾರಣಕ್ಕೆ ಹಂಪಿ 1999ರಲ್ಲಿ ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿ 2006ರವರೆಗೆ ಉಳಿಯಿತು. ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಕಡೇಬಾಗಿಲು–ಬುಕ್ಕಸಾಗರ ಸೇತುವೆ ಬಂದಮೇಲೆ ಕಡವಿಗೆ ದಿನನಿತ್ಯದ ಗಿರಾಕಿಗಳು ಕಡಿಮೆಯಾದರು. ಈಗ ಅದೇ ಸೇತುವೆ ಪ್ರವಾಸಕ್ಕೆ ಅನುಕೂಲ: ವಾಹನ ಸುತ್ತಿ ಆನೆಗೊಂದಿಗೆ ಜನರನ್ನು ಬಿಡಬಹುದು, ಅವರು ಕೋಟೆ, ಗಗನ ಮಹಲ್, ಊರಿನ ಬೀದಿ ನೋಡಿ, ಹರಿಗೋಲಿನಲ್ಲಿ ಈಚೆ ದಂಡೆಗೆ ಇಳಿದು, ವಿಠ್ಠಲ ದೇವಾಲಯಕ್ಕೆ ನಡೆದು ಬರಬಹುದು. ರಾಜಧಾನಿ ಬೆಳೆದ ದಿಕ್ಕು ಇದೇ. ಒಂಬತ್ತು ಯತಿಗಳ ನವವೃಂದಾವನದ ನಡುಗಡ್ಡೆಯೂ ಆನೆಗೊಂದಿಯ ಬಳಿಯೇ ಇದೆ. 

ಇನ್ನೊಂದು ಬಗೆಯ ಮೌನವನ್ನೂ ಹೇಳಲೇಬೇಕು. ವಿರೂಪಾಕ್ಷನ ರಥಬೀದಿಯ ಮಂಟಪಗಳಲ್ಲಿ 2011ರ ಜುಲೈವರೆಗೆ ಜನ ವಾಸವಾಗಿದ್ದರು, ಅಂಗಡಿ ಇಟ್ಟಿದ್ದರು. ಅವರನ್ನು ತೆರವು ಮಾಡಿದ್ದು, ಕಡ್ಡಿರಾಂಪುರದಲ್ಲಿ ಪುನರ್ವಸತಿಯ ಮಾತು ಎಳೆದಾಡಿದ್ದು, 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೊಳೆಯ ಆಚೆಗಿನ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಸಮವಾದದ್ದು ಹಂಪಿಯ ಚರಿತ್ರೆಯ ಭಾಗವೇ. ಸ್ಮಾರಕ ಉಳಿಸಲು ನಿಯಮ ಬೇಕು, ನಿಜ. ಆದರೆ ಪ್ರವಾಸಿಗೆ ಕಾಣುವ ಖಾಲಿ ಬೀದಿ, ವಿಜಯನಗರ ಹಾಳಾದ 1565ರಿಂದಲೂ ಖಾಲಿಯಾಗಿತ್ತು ಎಂಬ ಭಾವನೆ ಮೂಡಿಸುವುದು ಸುಳ್ಳಾಗುತ್ತದೆ.

ಕಂಪ್ಲಿ, ಸಂಡೂರುಗಳನ್ನೂ ಈ ಒಂದು ದಿನದ ಪ್ರವಾಸಕ್ಕೆ ತುರುಕುವ ಆಯೋಜಕರೂ ಇದ್ದಾರೆ, ಅದು ಬೇಡ. 1327ರ ಸುಮಾರಿಗೆ ದೆಹಲಿಯ ಸೈನ್ಯಕ್ಕೆ ಬಲಿಯಾದ ಕಂಪಿಲಿ ರಾಜ್ಯದ ನೆನಪು ಹೊತ್ತ ಕಂಪ್ಲಿ ಕೋಟೆ, ವಿಜಯನಗರಕ್ಕಿಂತ ಶತಮಾನಗಳಷ್ಟು ಹಳೆಯದಾದ ಸಂಡೂರಿನ ಪಾರ್ವತಿ ದೇವಾಲಯ, ಇವೆರಡಕ್ಕೂ ಪ್ರತ್ಯೇಕ ದಿನ ಸಲ್ಲಬೇಕು.

ಈಗಿನ ರೂಪದಲ್ಲಿ ಈ ಪ್ರವಾಸ ಕಣ್ಣಿಗೆ ಧಾರಾಳ, ತಿಳಿವಳಿಕೆಗೆ ಜಿಪುಣ. ಅದನ್ನು ಸರಿಪಡಿಸಲು ಹೊಸ ಕಟ್ಟಡವೂ ಬೇಡ, ಹೊಸ ಯೋಜನೆಯೂ ಬೇಡ. ಹೋಗುವವರು ಶುಕ್ರವಾರ ಬಿಟ್ಟು ಬೇರೆ ದಿನ ಆರಿಸಿಕೊಳ್ಳಲಿ, ಮಳೆಗಾಲ ಕಳೆದು ಚಳಿ ಶುರುವಾದ ಮೇಲೆ ಹೊರಡಲಿ. ಮೊದಲು ಕಮಲಾಪುರದ ಪ್ರತಿಕೃತಿಯ ಮುಂದೆ ನಿಲ್ಲಲಿ, ಮಧ್ಯಾಹ್ನದ ನಾಲ್ಕೈದು ತಾಣಗಳನ್ನು ಧೈರ್ಯವಾಗಿ ಬಿಟ್ಟು ಆನೆಗೊಂದಿಗೆ ಹೋಗಲಿ. ಹರಿಗೋಲು ಹತ್ತುವಾಗ ಮಾರ್ಗದರ್ಶಿಯನ್ನೂ ಜೊತೆಗೆ ಕೂರಿಸಿಕೊಳ್ಳಲಿ, ದೋಣಿಯನ್ನು ತಿರುಗಿಸದೆ ನೇರ ಆಚೆ ದಂಡೆಗೆ ಬಿಡಿ ಎಂದು ಅಂಬಿಗರನ್ನು ಕೇಳಿಕೊಳ್ಳಲಿ.